ಕದಕಿತ್ತವ್ವನ ಗುಡ್ಡ

ಕಲ್ಲಗುಂದಿಯ ಪಡುವಣಕ್ಕಿರುವ ಬೋಳು ಗುಡ್ಡವನ್ನು ಕದಕಿತ್ತವ್ವನ ಗುಡ್ಡ ಎನ್ನುತ್ತಾರೆ. ನೆತ್ತಿಯ ಮೇಲೆ ದುರುಗವ್ವನ ಗುಡಿಯಿದೆ. ಕಲ್ಲಿನ ಚೌಕಟ್ಟಿದೆ, ಕದವಿಲ್ಲ. ತೊಲೆಯಲ್ಲಿ ಕೊಕ್ಕೆಯಿದೆ, ಗಂಟೆಯಿಲ್ಲ. ಕಳ್ಳರು ಒಯ್ದಿರಬೇಕೆಂದು ಹೊಸಬರು ಮರುಗುತ್ತಾರೆ. ಕೆಳಗಿನ ಅಂಗಡಿಯಲ್ಲಿ ಮಾರುವ ಪವಾಡದ ಪುಸ್ತಕದಲ್ಲಿ, ದೇವಿಯ ಕಣ್ಣಿನ ಬೆಂಕಿಗೆ ಕದವೂ ವೈರಿಗಳೂ ಒಟ್ಟಿಗೆ ಬೂದಿಯಾದರೆಂದು ಬರೆದಿದೆ. ಬರೆದವನಿಗೆ ನಾಚಿಕೆಯಾಗಬೇಕಿತ್ತು. ಈ ಗುಡಿಯ ಪೂಜಾರಿ ಮನೆತನದವಳಾದ ನನ್ನ ಅಜ್ಜಿ ಹೇಳಿದ್ದೇ ಬೇರೆ.

ಹಿಂದೆ ಒಮ್ಮೆ, ಪೆಂಡಾರಿಗಳು ಊರೂರು ಸುಲಿಯುತ್ತಿದ್ದ ಕಾಲದಲ್ಲಿ, ಈ ಗುಡಿಯ ಪೂಜೆ ಗಾಳೆವ್ವನೆಂಬ ವಿಧವೆಯದಾಗಿತ್ತಂತೆ. ಒಂದು ಮಧ್ಯಾಹ್ನ ಕುದುರೆಗಳ ಧೂಳು ಕಂಡದ್ದೇ ತಡ, ಊರಿನ ಅರವತ್ತು ಜನ ಗುಡ್ಡ ಹತ್ತಿ ಗುಡಿ ಹೊಕ್ಕರು. ಗಾಳೆವ್ವನ ಒಬ್ಬಳೇ ಮಗಳು ನೀಲವ್ವ ದಿನ ತುಂಬಿದ ಬಸುರಿ. ಅವಳನ್ನು ಮೆಲ್ಲಗೆ ನಡೆಸಿಕೊಂಡು ಬರಲು ಎಂಟು ಹೆಂಗಸರು ಹಿಂದೆ ಉಳಿದಿದ್ದರು. ಊರ ಗೌಡ ಸಂಗನಗೌಡ ಕದ ಹಾಕೆಂದು ಅವಸರಪಡಿಸಿದ. ಮಗಳ ದನಿ ಕೇಳಿದೊಡನೆ ತೆಗೆಯುತ್ತೇನೆ ಎಂದುಕೊಂಡು ಗಾಳೆವ್ವ ಅಗುಳಿ ಹಾಕಿದಳು. ಒಳಗಿದ್ದವರು ದೇವಿಗೆ ಮೊರೆಯಿಟ್ಟರು. ಎಂಥ ಮೊರೆ! ಜಾಗಟೆ, ಡೊಳ್ಳು, ಗಂಟೆ, ಅರವತ್ತು ಗಂಟಲುಗಳ ‘ಉಧೋ ಉಧೋ’. ಆ ಗದ್ದಲದಲ್ಲಿ ಕದ ಅದುರಿದ್ದು ಗಾಳೆವ್ವನ ಅಂಗೈಗೆ ಮಾತ್ರ ತಿಳಿಯಿತು. ಬಡಿಯುತ್ತಿರುವುದು ಮಗಳೋ, ಪೆಂಡಾರಿಗಳೋ? “ಜಾಗಟಿ ಬಡಿಯೂದು ನಿಲ್ಲಸ್ರೋ, ದನಿ ಕೇಳಬೇಕು!” ಎಂದು ಚೀರಿದಳು. ಅದೂ ಯಾರಿಗೂ ಕೇಳಿಸಲಿಲ್ಲ. ಹೆದರಿಕೆ ಅವಳನ್ನೂ ಬಿಟ್ಟಿರಲಿಲ್ಲ. ಅಗುಳಿಯ ಮೇಲಿಂದ ಕೈ ತೆಗೆದು ಕದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಹೊಸ್ತಿಲ ಸಂದಿನಿಂದ ನೆತ್ತರು ಒಳಬಂದು ಅವಳ ಪಾದಗಳನ್ನು ತೋಯಿಸಿತು. ಜಾಗಟೆ ಆಗ ನಿಂತಿತು. ಕುದುರೆಗಳು ಇಳಿದುಹೋದ ಮೇಲೆ ಕದ ತೆರೆದರೆ ಮೆಟ್ಟಿಲ ಮೇಲೆ ಒಂಬತ್ತು ಹೆಣ. ಓಲೆಗಾಗಿ ಕಿವಿಗಳನ್ನೇ ಕೊಯ್ದಿದ್ದರು, ಕಡಗಕ್ಕಾಗಿ ಮುಂಗೈಗಳನ್ನು. ನೀಲವ್ವನ ಹೊಟ್ಟೆಯನ್ನೂ ಬಿಟ್ಟಿರಲಿಲ್ಲ. ಅವಳ ಉಗುರು ಕದದ ಹಲಗೆಯಲ್ಲಿ ಮುರಿದು ಸಿಕ್ಕಿಕೊಂಡಿತ್ತು.

ಸಂಗನಗೌಡ ಒಳಗೆ ಅಡ್ಡಬಿದ್ದು, “ತಾಯಿ ನಮ್ಮನ್ನ ಉಳಿಸಿದ್ಲು. ಈ ಕದಕ್ಕ ಬೆಳ್ಳಿ ತಗಡು ಹೊಡಸ್ತೀನಿ” ಎಂದ. ಹೊಲದ ಕಡೆಯಿಂದ ಓಡಿಬಂದ ನೀಲವ್ವನ ಗಂಡ ಈರಪ್ಪ, “ನನ್ನ ಹೇಣ್ತೀನ ಯಾಕ ಉಳಿಸ್ಲಿಲ್ರಿ ಆಕಿ?” ಎಂದು ಕೇಳಿದ. ಅದು ತಾಯಿಯ ಚಿತ್ತವೆಂದ ಗೌಡ.

ಗಾಳೆವ್ವ ಕಟ್ಟಿಗೆ ಸೀಳುವ ಕೊಡಲಿ ತಂದಳು. “ದೇವಿ ಮ್ಯಾಲ ಹಾಕಬ್ಯಾಡ್ರಿ ಗೌಡ್ರ. ಅಗಳಿ ಹಾಕಿದ್ದು ನನ್ನ ಕೈ. ಕೂಗು ಕೇಳಸದಂಗ ಬಡದದ್ದು ನಿಮ್ಮ ಕೈ. ಆಕಿ ಕದದ ಯಾವ ಕಡೆ ಇದ್ಲು ಅಂತ ನೀವು ಕಂಡೀರೇನು?” ಎಂದವಳೇ ಕದವನ್ನು ಕೊಚ್ಚಿ ಕೊಚ್ಚಿ ಕಿತ್ತಳು. ಆ ಹಲಗೆಗಳನ್ನೇ ಮಗಳ ಚಿತೆಗೆ ಹಾಕಿ, ಗಂಟೆ ಜಾಗಟೆಗಳನ್ನು ಕಮರಿಗೆ ಎಸೆದಳು ಎನ್ನುತ್ತಾರೆ. ದೇವರು ನೋವನ್ನು ಏಕೆ ತಡೆಯುವುದಿಲ್ಲವೆಂಬುದಕ್ಕೆ ಇದು ಉತ್ತರವೆಂದು ನಾನು ಹೇಳಲಾರೆ. ಆದರೆ ಅವಳು ಸಾಯುವವರೆಗೂ ಪೂಜೆ ಬಿಡಲಿಲ್ಲ.

ಮೊನ್ನೆ ಗುಡ್ಡದ ಕೆಳಗಿನ ರಸ್ತೆಯ ತಿರುವಿನಲ್ಲಿ ಬಸ್ಸು ಉರುಳಿ ಹನ್ನೊಂದು ಜನ ಸತ್ತರು. ಗಾಯವಿಲ್ಲದೆ ಎದ್ದುಬಂದ ಒಬ್ಬಾತ ದೇವಿಯ ಪವಾಡವೆಂದು ಹಿತ್ತಾಳೆಯ ಗಂಟೆ ಹೊತ್ತು ತಂದ. ಈಗ ಪೂಜೆ ಮಾಡುವ ಯಮನವ್ವ, “ಸತ್ತವ್ರ ಮನೀಗೆ ಹೋಗಿ ಬಂದಿಯೇನಪಾ?” ಎಂದಷ್ಟೇ ಕೇಳಿದಳು. ಆತ ಮೆಟ್ಟಿಲ ಮೇಲೆ ಕುಳಿತು ಅತ್ತ. ಗಂಟೆಯನ್ನು ಹೊತ್ತು ಕೆಳಗಿಳಿದ.

ಹೋದವರು ಇಂದಿಗೂ ನೋಡಬಹುದು: ಮಂಗಳಾರತಿಯ ನಡುವೆ ಯಮನವ್ವ ತಟ್ಟೆಯನ್ನು ಕೆಳಗಿಡುತ್ತಾಳೆ, ಎಲ್ಲರೂ ಸುಮ್ಮನಾಗುತ್ತಾರೆ. ಅವಳು ಹೊಸ್ತಿಲಿಗೆ ಬಂದು ಖಾಲಿ ಮೆಟ್ಟಿಲುಗಳ ಕಡೆ, “ಯಾರರ ಅದೀರೇನವ್ವಾ? ಬರ್ರಿ ಒಳಗ” ಎಂದು ಕೂಗಿ, ಒಂಬತ್ತು ಜನ ಒಳಗೆ ಬರುವಷ್ಟು ಹೊತ್ತು ಬದಿಗೆ ಸರಿದು ನಿಲ್ಲುತ್ತಾಳೆ.