ದೀಪ ಹಚ್ಚಿದ ಮೇಲೆ ಉಪ್ಪು

ಕಪಿಲೆಯ ದಡದಲ್ಲಿ ಶಿವನಂಜಮ್ಮನವರ ಆಶ್ರಮ. ಅಲ್ಲಿಯ ಉಗ್ರಾಣ ಶಿಷ್ಯ ಮರಿಸ್ವಾಮಿಯ ಕೈಯಲ್ಲಿತ್ತು. ಆಚಾರದಲ್ಲಿ ಅವನು ಕೂದಲೆಳೆಯಷ್ಟೂ ತಪ್ಪಿದವನಲ್ಲ.

ಒಂದು ಸಂಜೆ ದೋಣಿಯವನ ಹೆಂಡತಿ ಕೆಂಚಮ್ಮ ಏದುಸಿರು ಬಿಡುತ್ತಾ ಬಂದಳು.

"ಮಗೂಗೆ ವಾಂತಿಭೇದಿ, ಬುದ್ಧಿ. ಗಂಜಿಗೆ ಒಂದು ಚಿಟಿಕೆ ಉಪ್ಪು ಕೊಡಿ."

"ದೀಪ ಹಚ್ಚಿ ಆಯ್ತಲ್ಲ ತಾಯಿ. ಈ ಹೊತ್ತಲ್ಲಿ ಉಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗ್ತಾಳೆ."

"ನನ್ನ ಮಗ ಹೋಗ್ತಾನೆ ಬುದ್ಧಿ."

"ಬೆಳಿಗ್ಗೆ ಬಾ."

ಬೆಳಿಗ್ಗೆ ಅವಳು ಬರಲಿಲ್ಲ. ಮಗು ತೀರಿಕೊಂಡಿತ್ತು.

ಇಡೀ ದಿನ ಮರಿಸ್ವಾಮಿ ಊಟ ಮುಟ್ಟಲಿಲ್ಲ. ತಪ್ಪು ನಿನ್ನದಲ್ಲ ಎಂದು ಗುರುವಿನ ಬಾಯಿಂದ ಒಂದು ಮಾತು ಬಂದಿದ್ದರೆ ಅವನಿಗೆ ಸಾಕಿತ್ತು. ಸಂಜೆ ದೀಪ ಹಚ್ಚಿ, ಶಿವನಂಜಮ್ಮನವರ ಮುಂದೆ ಬಂದು ಕೂತ.

"ಅಮ್ಮಾ, ನಾನು ಧರ್ಮ ಬಿಡಲಿಲ್ಲ."

"ಯಾರ ಧರ್ಮ?"

"ಹಿರಿಯರದು. ದೇವರು ಅವರ ಬಾಯಲ್ಲಿ ನುಡಿಸಿದ್ದು."

"ಇಲ್ಲಿ ಅದನ್ನು ನುಡಿದವಳು ನನ್ನ ಸೋದರತ್ತೆ. ಒಂದು ಮಳೆಗಾಲ ಹೊಳೆ ತುಂಬಿ ಸಂತೆ ನಿಂತಿತ್ತು. ಉಪ್ಪಿನ ಮಡಕೆ ತಳ ಕಂಡಿತ್ತು. ಕೇಳಿ ಬಂದವರಿಗೆ ಇಲ್ಲ ಅನ್ನೋಕೆ ಅವಳಿಗೆ ನಾಚಿಕೆ. ಲಕ್ಷ್ಮಿಯನ್ನು ಮುಂದೆ ಮಾಡಿದಳು."

"ಊರೂರಲ್ಲೂ ಇದೆಯಲ್ಲ ಈ ಮಾತು?"

"ಊರೂರಲ್ಲೂ ಒಬ್ಬ ಅತ್ತೆ ಇರ್ತಾಳೆ."

ಮರಿಸ್ವಾಮಿಗೆ ಸಿಟ್ಟು ಬಂತು. "ಗೊತ್ತಿದ್ದೂ ನೀವು ಇಷ್ಟು ವರ್ಷ ಬಾಯಿ ಬಿಡಲಿಲ್ಲ."

"ಆ ಮಾತಿಂದ ನಮಗೆ ಉಪ್ಪು ಮಿಗ್ತಿತ್ತಲ್ಲ."

ಅವನು ತಲೆ ತಗ್ಗಿಸಿ ಮೆಲ್ಲಗೆ ಕೇಳಿದ.

"ಕೊಟ್ಟಿದ್ದರೆ ಮಗು ಬದುಕ್ತಿತ್ತಾ?"

"ಗೊತ್ತಿಲ್ಲ."

"ಹಾಗಾದರೆ ನಿಜವಾದ ಧರ್ಮ ಎಲ್ಲಿಂದ ಬರುತ್ತೆ ಅಮ್ಮಾ?"

"ನಿನ್ನೆ ಬಂದು ಬಾಗಿಲಲ್ಲಿ ನಿಂತಿತ್ತು. ಬೆಳಿಗ್ಗೆ ಬಾ ಅಂದೆಯಂತೆ."

ಶಿವನಂಜಮ್ಮ ಗೋಡೆ ಹಿಡಿದು ಎದ್ದರು. ಉಗ್ರಾಣಕ್ಕೆ ಹೋಗಿ ಬೊಗಸೆ ತುಂಬ ಉಪ್ಪು ತೆಗೆದು, ತಮ್ಮ ಸೆರಗಿನಲ್ಲೇ ಗಂಟು ಕಟ್ಟಿದರು.

"ನಡಿ. ಕೆಂಚಮ್ಮನ ಮನೆಗೆ."

"ಬೇಡ ಅಮ್ಮಾ. ಈಗ ಇದನ್ನು ತಗೊಂಡು ಹೋದರೆ ನಮ್ಮ ಮುಖಕ್ಕೇ ಎಸೀತಾಳೆ."

"ಎಸೆಯಲಿ. ಆ ಸಿಟ್ಟು ಅವಳದೇ, ಅದನ್ನು ಅವಳಿಗೆ ಯಾವ ಹಿರಿಯರೂ ಕಲಿಸಿಲ್ಲ."