ಫಕೀರವ್ವನ ರೊಟ್ಟಿ ಯಾವುದು?

ಕಲ್ಲಗೋನಾಳದ ವಿರಕ್ತಮಠದಲ್ಲಿ ಪೂಜ್ಯ ಗುರುಶಾಂತ ಮಹಾಸ್ವಾಮಿಗಳವರನ್ನು ಕಾಣಬೇಕಾದವರು ಗದ್ದುಗೆಯ ಕಡೆ ಹೋಗುತ್ತಿರಲಿಲ್ಲ. ಪೂಜೆ ಮುಗಿಯಿತೆಂದರೆ ಪೂಜ್ಯರು ದಾಸೋಹದ ಅಡುಗೆಮನೆಯ ಹಿಂದೆ ಹರಕು ಚಾಪೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಭಕ್ತರು ಅಲ್ಲಿಯೇ ನಮಸ್ಕರಿಸಿ ಹೋಗುತ್ತಿದ್ದರು.

ಆ ವರ್ಷ ಶ್ರಾವಣದ ಪ್ರವಚನಕ್ಕೆ ಜನ ಹೆಚ್ಚಾಗಿ, ದಿನಕ್ಕೆ ಎರಡು ಸಾವಿರ ರೊಟ್ಟಿಯೂ ಸಾಲದಾಯಿತು. ಆಗ ಅಡುಗೆಮನೆಯ ಉಸ್ತುವಾರಿಗೆ ಅಂದಾನಪ್ಪನವರು ಬಂದರು. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದವರು. ಕೆಟ್ಟವರಲ್ಲ. ಆದರೆ ಜನರಿಂದ ಕೆಲಸ ತೆಗೆಯುವ ವಿದ್ಯೆ ತಮಗೊಬ್ಬರಿಗೇ ಗೊತ್ತು ಎಂಬ ಹಮ್ಮು ಸ್ವಲ್ಪ ಇತ್ತು, ಇರಲಿ, ಯಾರಿಗಿಲ್ಲ? ಜಪ ಮಾಡುವ ಸ್ವಾಮಿಗಳಿಗೆ ಇದೆಲ್ಲ ಏನು ತಿಳಿದೀತು ಎಂದು ಅವರು ಅಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಅಲ್ಲಿಯವರೆಗೆ ಹದಿನೆಂಟು ಜನ ಹೆಣ್ಣುಮಕ್ಕಳು ತಂತಮ್ಮ ಒಲೆಯ ಮುಂದೆ ತಾವೇ ಹಿಟ್ಟು ನಾದಿ, ತಾವೇ ಬಡಿದು, ತಾವೇ ಬೇಯಿಸುತ್ತಿದ್ದರು. ಅಂದಾನಪ್ಪನವರು ಅದನ್ನು ಗಿರಣಿಯ ಹಾಗೆ ಪಾಲು ಮಾಡಿದರು. ನಾದುವವರು ನಾದುತ್ತಲೇ ಇರಬೇಕು, ಬಡಿಯುವವರು ಬಡಿಯುತ್ತಲೇ ಇರಬೇಕು. ಚುರುಕಾದವರಿಗೆ ವಾರಕ್ಕೊಂದು ಸ್ಟೀಲ್ ಡಬ್ಬಿ ಬಹುಮಾನ. ಮೊದಮೊದಲು ರೊಟ್ಟಿ ರಾಶಿರಾಶಿ ಬಿತ್ತು. ಆಮೇಲೆ ಡಬ್ಬಿಯ ಸಲುವಾಗಿ ಒಬ್ಬರಿಗೊಬ್ಬರು ಮಾತು ಬಿಟ್ಟರು. ರೊಟ್ಟಿಯ ಅಂಚು ಸೀಳತೊಡಗಿತು. ನಾದಿಟ್ಟ ಹಿಟ್ಟು ಬಡಿಯುವವರ ಕೈಗೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ಅದು ಅವರಿಗೆ ತಿಳಿಯದ್ದೇನಲ್ಲ. ನೀರು ಹಾಕಿ ಮತ್ತೆ ನಾದುವುದು ತಮ್ಮ ಕೆಲಸವಲ್ಲವಲ್ಲ ಎಂದು ಹಾಗೆಯೇ ಬಡಿಯುತ್ತಿದ್ದರು. ಎಲ್ಲರಿಗಿಂತ ಹಳಬಳು ಫಕೀರವ್ವ. ಗಂಡ ತೀರಿದ ಮೇಲೆ ಇಪ್ಪತ್ತೆರಡು ವರ್ಷದಿಂದ ಆಕೆಗೆ ಈ ಮಠವೇ ಮನೆ, ಈ ಕೆಲಸವೇ ಅನ್ನ. ನಾದಲು ಹಚ್ಚಿದ್ದ ಆಕೆ ನಡುನಡುವೆ ಕೈಬಿಟ್ಟು ಸುಮ್ಮನೆ ಕೂತುಬಿಡುತ್ತಿದ್ದಳು.

ಒಂದು ಮುಂಜಾನೆ ಅಂದಾನಪ್ಪನವರು ಪೂಜ್ಯರ ಬಳಿ ಬಂದರು. “ಅಜ್ಜಾರ, ಫಕೀರವ್ವನ್ನ ಬಿಡಿಸಬೇಕ್ರಿ. ಒಬ್ಬಾಕಿ ಕುಂತ್ಲು ಅಂದ್ರ ಉಳದವ್ರೂ ಕುಂದರತಾರ. ನಾಳಿಂದ ಬರಬ್ಯಾಡ ಅಂತೀನಿ.”

“ಕಳಸೂಣಂತ” ಎಂದರು ಪೂಜ್ಯರು, ಮೊರದಿಂದ ತಲೆಯೆತ್ತದೆ. ಆಮೇಲೆ ಎದ್ದು ಒಳಗೆ ಬಂದು ರೊಟ್ಟಿಯ ರಾಶಿಯ ಮುಂದೆ ನಿಂತರು. “ಇದರಾಗ ಫಕೀರವ್ವಂದು ಯಾವುದಪ್ಪಾ?”

ಅಂದಾನಪ್ಪನವರು ರಾಶಿಯನ್ನು ನೋಡಿದರು, ಫಕೀರವ್ವನನ್ನು ನೋಡಿದರು.

“ನಂದು ಯಾವುದೂ ಇಲ್ರಿ ಅಜ್ಜಾರ” ಎಂದಳು ಆಕೆ. “ನಾ ಹಿಟ್ಟು ನಾದಾಕಿ. ಈಗ ರೊಟ್ಟಿ ಮಾಡಾಕಿ ಅಲ್ಲ.” ಆಕೆಯ ಕಣ್ಣು ತುಂಬಿತ್ತು.

ಪೂಜ್ಯರು ಅಂದಾನಪ್ಪನವರ ಕಡೆ ತಿರುಗಿದರು. “ತಮ್ಮಾ, ಆಕಿನ್ನ ಕಳಸೂಕಿಂತ ಮೊದಲ ನೀ ಒಂದು ರೊಟ್ಟಿ ಮಾಡು. ಒಂದ ಸಾಕು. ನಾದೂದರಿಂದ ಹಿಡದು ಉಣಿಸೂತನಕ.” ಅಷ್ಟು ಹೇಳಿ ಮತ್ತೆ ಮೊರದ ಬಳಿ ಹೋಗಿ ಕುಳಿತರು.

ಗುರುಗಳ ಮಾತು, ಒಲ್ಲೆನ್ನುವಂತಿಲ್ಲ. ಅಂದಾನಪ್ಪನವರು ಧೋತರ ಮೇಲಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಳಿತರು. ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೊನೆಗೆ ಹೇಳಿಕೊಡಲು ಫಕೀರವ್ವನೇ ಹತ್ತಿರ ಬಂದಳು. “ಎಸರು ಕುದೀಲಿ, ತಡೀರಿ ಸಾಹೇಬ್ರ” ಎಂದಳು. ನಾಲ್ಕು ರೊಟ್ಟಿ ಕೈಯಲ್ಲೇ ಹರಿದವು. ಐದನೆಯದು ಹೇಗೋ ಹಂಚು ಸೇರಿತು. ಅದನ್ನು ರೊಟ್ಟಿ ಎನ್ನಬಹುದಿತ್ತು, ಅಷ್ಟೆ.

ಅದನ್ನು ಅಂಗೈಯಲ್ಲಿ ಹಿಡಿದು ಪಂಕ್ತಿಗೆ ನಡೆದು, ಕಲ್ಲು ಒಡೆಯುವ ಒಬ್ಬ ಮುದುಕನ ತಾಟಿಗೆ ಬಡಿಸಿದರು. ಅಲ್ಲಿಂದ ಕದಲಲಿಲ್ಲ. ಮುದುಕ ರೊಟ್ಟಿ ಮುರಿದ, ಪಲ್ಯ ಹಚ್ಚಿಕೊಂಡ, ಪೂರ್ತಿ ತಿಂದ. ಆಮೇಲೆ ತಲೆಯೆತ್ತಿ, “ಇನ್ನೊಂದು ಹಾಕ್ರಿ” ಎಂದ.

ಅಂದಾನಪ್ಪನವರು ಅಡುಗೆಮನೆಗೆ ಮರಳಿದಾಗ ಅವರ ಮುಖವೇ ಬೇರೆಯಾಗಿತ್ತು. ಫಕೀರವ್ವನ ಎದುರು ಕುಳಿತು ಮೆಲ್ಲಗೆ ಕೇಳಿದರು: “ಉಣ್ಣೋರನ್ನ ನೀವು ದಿನಾ ನೋಡತಿದ್ರೇನ್ರಿ?”

“ನೋಡತಿದ್ದೆನ್ರಿ, ಆ ಕಿಡಕ್ಯಾಗಿಂದ. ಕೆಲಸ ಬಿಟ್ಟು ನೋಡ್ಕೊಂತ ಕುಂದರತಾರ ಅಂತ ನೀವು ಬಂದ ದಿನಾನ ಅದಕ್ಕ ಗೋಣಿತಟ್ಟು ಹಚ್ಚಿ ಮೊಳಿ ಹೊಡಿಸಿದ್ರಿ.”

ಆ ಮಾತಿಗೆ ಅಂದಾನಪ್ಪನವರು ನಾಚಿಕೆಯಿಂದ ಕುಗ್ಗಿಹೋದರು. ಯಾರನ್ನೂ ಕರೆಯದೆ ತಾವೇ ಹೋಗಿ ಗೋಣಿತಟ್ಟನ್ನು ಕಿತ್ತು ತೆಗೆದರು. ಉಣ್ಣುವವರ ಸಾಲು ಒಳಗಿನ ಎಲ್ಲರಿಗೂ ಕಂಡಿತು. ಬಂದು ಫಕೀರವ್ವನಿಗೆ ಕೈಮುಗಿದರು.

“ನಿಮ್ಮ ಒಲಿ ನಿಮಗರಿ, ಯವ್ವಾ. ಆ ಮುದುಕ ಇನ್ನೊಂದು ಕೇಳ್ಯಾನ. ನನಗ ಮಾಡಾಕ ಬರೂದಿಲ್ಲ, ನೀವ ಮಾಡಿ ಕೊಡ್ರಿ.”

ಫಕೀರವ್ವ ಕಿಟಕಿಯಾಚೆ ಆ ಮುದುಕ ಯಾರೆಂದು ಒಮ್ಮೆ ನೋಡಿಕೊಂಡಳು. ಹಿಟ್ಟಿಗೆ ಕೈ ಹಾಕಿದಳು.