ಅದೇ ಮಾತು

"ಗುರುಗಳೇ, ಉತ್ತರ ಸೀಮೆಯ ಭಕ್ತರು ನಮ್ಮ ಮಠದ ಛತ್ರದಲ್ಲಿ ಇಳಿದಿದ್ದಾರೆ. ಅವರ ಪ್ರಾರ್ಥನೆ ನನ್ನ ಕಿವಿಗೆ ಒಗ್ಗುತ್ತಿಲ್ಲ. ಒಂದು ಶಬ್ದವನ್ನು ಎಳೆಯುತ್ತಾರೆ, ಇನ್ನೊಂದನ್ನು ನುಂಗುತ್ತಾರೆ. ಅದು ಬೇರೆ ಭಾಷೆಯೋ, ಕೆಟ್ಟುಹೋದ ನಮ್ಮ ಭಾಷೆಯೋ? ನಮ್ಮದೇ ಆಗಿದ್ದರೆ ನಾಳೆ ಪೂಜೆಗೆ ಮೊದಲು ತಿದ್ದಿಬಿಡುತ್ತೇನೆ."

ಹೀಗೆ ಕೇಳಿದವನು ಮರುಳಸಿದ್ಧನೆಂಬ ಶಿಷ್ಯ. ಓದಿದವನು, ಭಕ್ತಿಯುಳ್ಳವನು. ಗುರುಗಳು ಜಪಸರವನ್ನು ಮಡಿಲಲ್ಲಿಟ್ಟುಕೊಂಡು ನಕ್ಕರು.

"ಕೂತುಕೋ ಮಗು. ತಿದ್ದುವ ಮೊದಲು ಒಂದು ಕತೆ ಕೇಳು."

ಉತ್ತರದ ತುದಿಯ ಒಂದು ಊರಿನಲ್ಲಿ ಗಾಣದ ಮುದುಕನೊಬ್ಬನಿದ್ದ. ಅವನಿಗೆ ಒಬ್ಬಳೇ ಮಗಳು. ಆಕೆ ತಂದೆಯ ಮಾತು ಮೀರಿ ದಕ್ಷಿಣದ ತುದಿಯ ಹೂವಿನ ವ್ಯಾಪಾರಿಯ ಕೈಹಿಡಿದು ಹೊರಟಳು. 'ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ' ಎಂದುಬಿಟ್ಟ ಮುದುಕ. ಆಕೆ ತುಳಿಯಲಿಲ್ಲ. ಬಹಳ ವರ್ಷ ಕಳೆಯಿತು. ಮುದುಕ ಹಾಸಿಗೆ ಹಿಡಿದ. ಕಣ್ಣು ಕಾಣದಾಯಿತು. ಸಾಯುವ ಮುಂಚೆ ಮಗಳ ದನಿ ಕೇಳಬೇಕೆನಿಸಿತು.

ಆ ಕಾಲದಲ್ಲಿ ದೂರದ ಸುದ್ದಿ ಬಾಯಿಂದ ಬಾಯಿಗೆ ನಡೆಯುತ್ತಿತ್ತು. ಒಂದು ಊರಿನವನು ಮುಂದಿನ ಊರಿನವನಿಗೆ ಹೇಳಬೇಕು. ಕೇಳಿದವನು ಅದನ್ನು ತನ್ನ ಬಾಯಲ್ಲಿ ತಿರುಗಿ ಹೇಳಬೇಕು. ಮೊದಲು ಹೇಳಿದವನು ಆಲಿಸಿ 'ಅದೇ ಮಾತು' ಎನ್ನಬೇಕು. ಹಾಗೆಂದ ಮೇಲೆಯೇ ಅವನ ಹೊರೆ ಇಳಿಯುವುದು. ಅದಕ್ಕೆ ದೇವರ ಆಣೆಯಿತ್ತು.

ಮುದುಕ ನೆರೆಮನೆಯ ನೇಕಾರನನ್ನು ಕರೆಸಿ ಅವನ ಕೈ ಹಿಡಿದುಕೊಂಡ. 'ನನ್ನ ಸಿಟ್ಟು ಇಳದದ. ಕಣ್ಣ ಮುಚ್ಚೂದ್ರೊಳಗ ಬಂದು ಹೋಗು, ಮಗಳ. ಇಷ್ಟ ಹೇಳಪಾ.' ನೇಕಾರ ತಿರುಗಿ ಹೇಳಿದ. 'ಅದಽ ಮಾತು' ಎಂದು ಮುದುಕ ಅವನ ಕೈ ಬಿಟ್ಟ.

ಊರ ಹೊರಗೆ ಪರಸೀಮೆಯ ಕುದುರೆ ವ್ಯಾಪಾರಿ ಸಿಕ್ಕಿದ. ಸಂತೆಯಲ್ಲಿ ಕಲಿತ ನಾಲ್ಕು ಮಾತು ಬಲ್ಲವನು, ಒಳ್ಳೆಯವನು. ತಾನೇ ಬೇಗ ಮುಟ್ಟಿಸುವೆನೆಂದ. ನೇಕಾರ ಸುದ್ದಿ ಹೇಳಿದ. ವ್ಯಾಪಾರಿ ಎದೆಯ ಮೇಲೆ ಕೈಯಿಟ್ಟು ಅದನ್ನು ತನ್ನ ಭಾಷೆಯಲ್ಲಿ ತಿರುಗಿ ಹೇಳಿದ. ನೇಕಾರ ಕಿವಿಗೊಟ್ಟು ಕೇಳಿದ. ಗುಡಿಯ ಗಂಟೆಯಂತೆ ಇಂಪಾಗಿತ್ತು. ಆದರೆ ಅದೇ ಮಾತು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

'ನಿನ್ನ ಮಾತು ಸುಳ್ಳಂತಲ್ಲ, ಯಪ್ಪಾ. ಹೌದನ್ನಾಕ ನನ್ನ ಕಿವೀಗೆ ಶಕ್ತಿ ಇಲ್ಲ' ಎಂದು ಕೈಮುಗಿದ.

ವ್ಯಾಪಾರಿಗೆ ಅರ್ಥವಾಯಿತು. ನೇಕಾರನನ್ನೇ ಕುದುರೆಯ ಮೇಲೆ ಕೂರಿಸಿಕೊಂಡ. ಮಾತು ಹೊರಲಾಗದವನು ಮಾತು ಹೊತ್ತವನನ್ನು ಹೊತ್ತ. ಹಲವು ಊರು ದಾಟಿಸಿ, ನಡುನಾಡಿನಲ್ಲಿ ಇಳಿಸಿ, ತನ್ನ ದಾರಿ ಹಿಡಿದ.

ಅಲ್ಲಿ ಕುಂಬಾರಗಿತ್ತಿಯೊಬ್ಬಳು ಮಡಕೆ ಹೊತ್ತು ಹೊರಟಿದ್ದಳು. ನೇಕಾರ ಬಾಯಿ ತೆರೆದದ್ದೇ ತಡ, ಆಕೆಗೆ ನಗು.

'ಅದೇನ್ ಮಾತೋ ಮಾರಾಯ, ಬಾಯಾಗೆ ರೊಟ್ಟಿ ಇಟ್ಕಂಡೀಯಾ?'

'ನಿನ್ನ ಬಾಯಾಗ ರಾಗಿ ಮುದ್ದಿ ಅದ, ಅದಕ್ಕ ಹಂಗ ಜಾರತದ. ನಗಬ್ಯಾಡ ಯವ್ವಾ, ಒಬ್ಬ ಮುದುಕ ಸಾಯಾಕತ್ಯಾನ.'

ಆಕೆಯ ನಗು ನಿಂತಿತು. ಮಡಕೆ ಇಳಿಸಿ ಕೇಳಿದಳು. ತಿರುಗಿ ಹೇಳಿದಳು: 'ಅವ್ರಪ್ಪುಂಗೆ ಸಿಟ್ಟು ಇಳಿದೈತಂತೆ. ಕಣ್ ಮುಚ್ಚೋದ್ರಾಗೆ ಮಗ್ಳು ಬಂದ್ ಹೋಗ್ಬೇಕಂತೆ.'

ನೇಕಾರ ಕಣ್ಣು ಮುಚ್ಚಿಕೊಂಡು ಆಲಿಸಿದ. ತಾನು ಕೊಟ್ಟ ರೂಪ ಅಲ್ಲಿರಲಿಲ್ಲ. ಆದರೂ ಮುದುಕನ ಕೈ ಮತ್ತೆ ತನ್ನ ಕೈಯಲ್ಲಿದ್ದಂತೆ ಅನಿಸಿತು. 'ಅದಽ ಮಾತು' ಎಂದ.

ಹೀಗೆ ಊರಿಂದ ಊರಿಗೆ ಮಾತು ನಡೆಯಿತು. ಪ್ರತಿ ಊರಿನಲ್ಲಿ ಬಟ್ಟೆ ಬದಲಿಸಿತು. ಪ್ರತಿ ಊರಿನಲ್ಲಿ ಒಬ್ಬ ಅದೇ ಎಂದ. ಕೊನೆಗೆ ಹಾಲು ಮಾರುವ ಹೆಂಗಸೊಬ್ಬಳು ಮಗಳ ಬಾಗಿಲಿಗೆ ಬಂದಳು.

'ನಿಮ್ಮಪ್ಪಂಗೆ ಕ್ವಾಪ ಇಳಿದದಂತೆ ಕಣವ್ವ. ಕಣ್ ಮುಚ್ಚಕ್ ಮುಂಚೆ ಬಂದೋಗ್ಬೇಕಂತೆ.'

ಮಗಳು ನಂಬಲಿಲ್ಲ. 'ನಮ್ಮಪ್ಪ ಹಂಗಂದ್ನಾ? ನೀನ್ ನೋಡ್ದ್ಯಾ?'

'ನಾನೆಲ್ಲವ್ವ ನೋಡ್ಲಿ? ನಂಗೆ ಹೇಳ್ದೋನೂ ನೋಡಿಲ್ಲ, ಅವ್ನಿಗೆ ಹೇಳ್ದೋಳೂ ನೋಡಿಲ್ಲ. ಆದ್ರೆ ಒಬ್ರೂ ಅದೇ ಅನ್ದೆ ಬಿಟ್ಟಿಲ್ಲ.'

ಮಗಳು ಉಟ್ಟ ಬಟ್ಟೆಯಲ್ಲೇ ಹೊರಟಳು.

ತವರು ಮುಟ್ಟಿದಾಗ ಅಂಗಳದ ತುಂಬ ಜನ. ತಂದೆಯ ಹಳೆಯ ಮಾತು ನೆನಪಾಗಿ ಆಕೆ ಹೊಸ್ತಿಲ ಹೊರಗೇ ನಿಂತಳು. ಅಲ್ಲಿಂದಲೇ ಕೂಗಿದಳು: 'ಅಪ್ಪೋ, ನಾನ್ ಬಂದಿವ್ನಿ ಕಣಪ್ಪೋ!'

ಜನ ಮುಖ ಮುಖ ನೋಡಿಕೊಂಡರು. 'ಯಾರ ಇಕಿ? ನಮ್ಮ ಕಡೀ ಮಾತಲ್ಲ ಇದು' ಎಂದರು.

ಮುದುಕನಿಗೆ ಕಣ್ಣಿರಲಿಲ್ಲ. ಕಿವಿ ಒಂದೇ ಉಳಿದಿತ್ತು. ಅವನ ತುಟಿ ಅಲುಗಿತು.

'ಅದಽ ಮಾತು' ಎಂದ. 'ಒಳಗ ಬಾ, ಮಗಳ.'

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಎರಡೂ ಕೈ ಎತ್ತಿ ಮುಗಿದರು. "ಎಂಥ ಕರುಣೆ ಆ ದೇವರದು! ಕುದುರೆಯವನ ನುಡಿಯೂ ಅವನು ಕೊಟ್ಟದ್ದೇ. ಅದನ್ನು ಅರಿಯಲು ನಡುವೆ ಎರಡೂ ಬಲ್ಲವನೊಬ್ಬ ಬೇಕು. ನಮ್ಮ ಊರೂರಿನ ಮಾತಿಗೋ, ಒಂದಿಷ್ಟು ತಾಳ್ಮೆ ಸಾಕು. ಹೊಳೆಗೆ ದೋಣಿ ಬೇಕು, ಹಳ್ಳಕ್ಕೆ ಪಂಚೆ ಎತ್ತಿಕಟ್ಟಿದರೆ ಆಯಿತು."

ಅಷ್ಟರಲ್ಲಿ ಛತ್ರದಿಂದ ಉತ್ತರದವರ ಸಂಜೆಯ ಪ್ರಾರ್ಥನೆ ಕೇಳಿಬಂತು. ಗುರುಗಳು ಕಣ್ಣು ಮುಚ್ಚಿ ಆಲಿಸಿದರು. ಮರುಳಸಿದ್ಧನೂ ಆಲಿಸಿದ.

"ಆದರೂ ಗುರುಗಳೇ," ಎಂದ ಅವನು ಮೆಲ್ಲಗೆ, "ಅಷ್ಟು ಬಾಯಿಗಳಲ್ಲಿ ಸರಿಯಾಗಿ ಆಡಿದವರು ಯಾರು?"

ಗುರುಗಳು ಕಣ್ಣು ತೆರೆಯದೆ ಕೇಳಿದರು: "ಆ ದಾರಿಯಲ್ಲಿ ನೀನಿದ್ದಿದ್ದರೆ, ಯಾರ ಬಾಯಿ ತಿದ್ದುವ ತನಕ ಆ ಮುದುಕನ ಪ್ರಾಣವನ್ನು ಕಾಯಿಸುತ್ತಿದ್ದೆ, ಮಗು?"